ಸಹಿಗೆ ಮುನ್ನ: ಕನ್ನಡ ಪ್ರಕಾಶನದಲ್ಲಿ ಕರಾರುಪತ್ರದ ಚರಿತ್ರೆ

ಒಂದು ಪುಸ್ತಕ ಅಚ್ಚಾಗಿ ಓದುಗರ ಕೈ ಸೇರುವವರೆಗೆ ಕಾಗದ, ಮುದ್ರಣ, ರಟ್ಟು ಮತ್ತು ಸಾಗಣೆಯ ವೆಚ್ಚವನ್ನು ಯಾರಾದರೊಬ್ಬರು ಮೊದಲೇ ಹೊರಬೇಕಾಗುತ್ತದೆ. ಪ್ರತಿಗಳು ಮಾರಾಟವಾಗದೆ ಅಟ್ಟ ಸೇರಿದರೆ ನಷ್ಟವನ್ನು ಭರಿಸಬೇಕಾದವರೂ ಅವರೇ. ಲೇಖಕ ಮತ್ತು ಪ್ರಕಾಶಕರ ನಡುವಿನ ಕರಾರುಪತ್ರವೆಂದರೆ, ಮೂಲತಃ, ಈ ಹೊರೆಯನ್ನು ಯಾರು ಹೊರುತ್ತಾರೆ ಮತ್ತು ಹೊತ್ತವರಿಗೆ ಪ್ರತಿಫಲವಾಗಿ ಏನು ದೊರೆಯುತ್ತದೆ ಎಂಬುದರ ಲಿಖಿತ ದಾಖಲೆ. ಕನ್ನಡ ಪ್ರಕಾಶನದ ಎರಡು ಶತಮಾನಗಳ ಚರಿತ್ರೆಯಲ್ಲಿ ಈ ಹೊರೆ ಮಿಷನರಿ ಸಂಸ್ಥೆಗಳಿಂದ ಲೇಖಕರಿಗೆ, ಲೇಖಕರಿಂದ ಚಂದಾದಾರರಿಗೆ, ಅಲ್ಲಿಂದ ಸರ್ಕಾರಿ ಗ್ರಂಥಾಲಯಗಳಿಗೆ ಹೆಗಲು ಬದಲಾಯಿಸುತ್ತ ಬಂದಿದ್ದು, ಇತ್ತೀಚಿನ ದಶಕಗಳಲ್ಲಿ ಮತ್ತೆ ಲೇಖಕರ ಹೆಗಲಿಗೇ ಮರಳುತ್ತಿರುವುದು ಕಾಣಿಸುತ್ತದೆ. ಸಣ್ಣ ಪ್ರಕಾಶಕರೊಂದಿಗಿನ ಕರಾರಿಗೆ ಸಹಿ ಹಾಕುವ ಮುನ್ನ ಗಮನಿಸಬೇಕಾದ ಎಚ್ಚರಿಕೆಯ ಕುರುಹುಗಳಲ್ಲಿ ಹೆಚ್ಚಿನವು ಹೀಗೆ ಹೆಗಲು ಬದಲಾದ ಸಂದರ್ಭಗಳಲ್ಲೇ ಹುಟ್ಟಿಕೊಂಡಂಥವು.

ಕನ್ನಡ ಮುದ್ರಣದ ಮೊದಲ ಹಂತದಲ್ಲಿ ಇಂಥ ಕರಾರಿನ ಅಗತ್ಯವೇ ಅಷ್ಟಾಗಿ ಬೀಳಲಿಲ್ಲ. ವಿಲಿಯಂ ಕೇರಿ ರಚಿಸಿದ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದಾಗಲೂ, 1841ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು, ಅಂದರೆ ನುಣುಪುಗೊಳಿಸಿದ ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಅದರಿಂದ ಪ್ರತಿ ತೆಗೆಯುವ ಮುದ್ರಣಾಲಯವನ್ನು, ತೆರೆದಾಗಲೂ ಬರೆಯುವವರು, ಅಚ್ಚು ಹಾಕಿಸುವವರು ಮತ್ತು ಹಣ ಹೂಡುವವರು ಬಹುಮಟ್ಟಿಗೆ ಒಂದೇ ಸಂಸ್ಥೆಗೆ ಸೇರಿದ್ದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಇದೇ ವ್ಯವಸ್ಥೆಯ ಫಲ. ಕೃತಿಸ್ವಾಮ್ಯವನ್ನು, ಅಂದರೆ ಒಂದು ಬರಹವನ್ನು ಅಚ್ಚು ಹಾಕಿಸುವ, ಮಾರುವ ಮತ್ತು ಬೇರೊಬ್ಬರಿಗೆ ವಹಿಸಿಕೊಡುವ ಹಕ್ಕನ್ನು, ಈಸ್ಟ್ ಇಂಡಿಯಾ ಕಂಪನಿಯ ಆಡಳಿತ 1847ರ ಕಾಯಿದೆಯಲ್ಲೇ ಮಾನ್ಯ ಮಾಡಿದ್ದಿತು. ಪ್ರಕಟಣೆಯಿಂದ 42 ವರ್ಷ, ಇಲ್ಲವೇ ಲೇಖಕನ ಜೀವಿತಾವಧಿ ಮತ್ತು ಅದರ ಮೇಲೆ 7 ವರ್ಷ, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ ಆ ಹಕ್ಕು ಉಳಿಯುತ್ತಿತ್ತು. ಹಕ್ಕು ಕಾನೂನಿನ ಪುಸ್ತಕದಲ್ಲಿತ್ತಾದರೂ ಅದಕ್ಕೆ ಬೆಲೆ ಕಟ್ಟುವ ಕನ್ನಡ ಮಾರುಕಟ್ಟೆ ಆಗಿನ್ನೂ ರೂಪುಗೊಂಡಿರಲಿಲ್ಲ.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಗಿ ಕನ್ನಡ ಗ್ರಂಥರಚನೆಗೆ ಉತ್ತೇಜನ ದೊರೆಯತೊಡಗಿದ ಮೇಲೆ ಓದುಗವರ್ಗ ಬೆಳೆಯಿತು. ಆದರೆ ಆ ಓದುಗರನ್ನು ತಲುಪುವ ದಾರಿ ಲೇಖಕನೇ ಕಂಡುಕೊಳ್ಳಬೇಕಾಗಿತ್ತು. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ತ್ಯಾಗದ ದೃಷ್ಟಾಂತವಾಗಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಉದ್ಯಮದ ದೃಷ್ಟಿಯಿಂದ ನೋಡಿದರೆ ಅದು ಬಂಡವಾಳ, ದಾಸ್ತಾನು ಮತ್ತು ವಿತರಣೆ ಮೂರೂ ಒಬ್ಬನೇ ವ್ಯಕ್ತಿಯ ಮೇಲೆ ಬಿದ್ದಿದ್ದ ಸ್ಥಿತಿ. ಮುಂದಿನ ತಲೆಮಾರಿನಲ್ಲಿ ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು; ಮಾಸ್ತಿಯವರ ಪುಸ್ತಕಗಳು ಅವರದೇ ಜೀವನ ಕಾರ್ಯಾಲಯದಿಂದ, ಕುವೆಂಪು ಅವರ ಪುಸ್ತಕಗಳು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಹೊರಬಂದವು. ಇವರೆಲ್ಲ ಹಾಕಿದ್ದು ತಮ್ಮ ಹಣವಾದರೂ ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವೂ ಅವರ ಕೈಯಲ್ಲೇ ಇತ್ತು. ಹಣ ಹೂಡಿದವರ ಬಳಿಯೇ ಲೆಕ್ಕವೂ ಇದ್ದ ಕಾರಣ ಈ ವ್ಯವಸ್ಥೆಯಲ್ಲಿ ಮೋಸಕ್ಕೆ ಎಡೆ ಇರಲಿಲ್ಲ.

ಹಣ ಒಬ್ಬರದು, ಲೆಕ್ಕ ಇನ್ನೊಬ್ಬರದು ಎಂದಾದಾಗ ಏನಾಗುತ್ತದೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಸ್ಪಷ್ಟ ನಿದರ್ಶನ ಒದಗಿಸುತ್ತದೆ. ಭಾರತದ ಕೃತಿಸ್ವಾಮ್ಯ ಕಾನೂನು ಅಲ್ಲಿಂದಲೇ ಬಂದದ್ದರಿಂದ ಆ ಅನುಭವ ಇಲ್ಲಿಗೂ ಪ್ರಸ್ತುತ. ಅಲ್ಲಿ ರೂಢಿಯಲ್ಲಿದ್ದ ‘ಅರ್ಧಲಾಭ’ ಪದ್ಧತಿಯಂತೆ ಪ್ರಕಾಶಕನು ಖರ್ಚನ್ನೆಲ್ಲ ಕಳೆದು ಉಳಿದ ಲಾಭವನ್ನು ಲೇಖಕನೊಂದಿಗೆ ಸಮನಾಗಿ ಹಂಚಿಕೊಳ್ಳಬೇಕಾಗಿತ್ತು. ಖರ್ಚಿನ ಪಟ್ಟಿಯನ್ನು ಬರೆಯುವವನು ಪ್ರಕಾಶಕನೇ ಆದ್ದರಿಂದ ಕಾಗದ ಮತ್ತು ಮುದ್ರಣಕ್ಕೆ ನಿಜವಾಗಿ ತೆತ್ತದ್ದಕ್ಕಿಂತ ಹೆಚ್ಚು ತೋರಿಸುವುದು, ಸ್ವಂತ ಪತ್ರಿಕೆಯಲ್ಲಿ ಹಾಕಿಕೊಂಡ ಜಾಹೀರಾತಿಗೂ ದರ ವಿಧಿಸುವುದು, ಕರಡು ತಿದ್ದುಪಡಿಯ ಬಾಬ್ತನ್ನು ಉಬ್ಬಿಸುವುದು ಮುಂತಾದ ಕ್ರಮಗಳಿಂದ ಹಂಚಿಕೊಳ್ಳಲು ಲಾಭವೇ ಉಳಿಯದಂತೆ ಮಾಡುವುದು ಸುಲಭವಾಗಿತ್ತು. ಕಾದಂಬರಿಕಾರ ವಾಲ್ಟರ್ ಬೆಸೆಂಟ್ ಅವರ ಮುಂದಾಳತ್ವದಲ್ಲಿ 1884ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಲೇಖಕರ ಸಂಘ ಇಂಥ ಕರಾರುಗಳನ್ನು ಸಂಗ್ರಹಿಸಿ, ಮುದ್ರಣದ ನಿಜವಾದ ವೆಚ್ಚವನ್ನು ಪ್ರಕಟಿಸಿ, ಸಹಿ ಹಾಕುವ ಮುನ್ನ ಏನನ್ನು ಪರಿಶೀಲಿಸಬೇಕೆಂದು ಸದಸ್ಯರಿಗೆ ತಿಳಿಸತೊಡಗಿತು. ರಾಯಧನ ಪದ್ಧತಿ, ಅಂದರೆ ಮಾರಾಟವಾದ ಪ್ರತಿಯೊಂದು ಪುಸ್ತಕಕ್ಕೂ ಅದರ ಬೆಲೆಯ ನಿಗದಿತ ಶೇಕಡಾ ಭಾಗವನ್ನು ಲೇಖಕನಿಗೆ ಸಲ್ಲಿಸುವ ಪದ್ಧತಿ, ಅರ್ಧಲಾಭವನ್ನು ಹಿಂದಕ್ಕೆ ಸರಿಸಿದ್ದು ಖರ್ಚಿನ ಪಟ್ಟಿಯ ಗೊಡವೆಯಿಲ್ಲದೆ ಲೆಕ್ಕ ಹಾಕಬಹುದಾಗಿದ್ದ ಕಾರಣದಿಂದಲೇ.

ಕನ್ನಡದಲ್ಲಿ ರಾಯಧನಕ್ಕಿಂತ ಮೊದಲಿನಿಂದಲೂ ಹೆಚ್ಚು ಬಳಕೆಯಲ್ಲಿದ್ದುದು ಒಂದೇ ಗಂಟಿನ ಗೌರವಧನ ಅಥವಾ ಕೆಲವು ಗೌರವ ಪ್ರತಿಗಳು. ಗೌರವಧನ ಒಂದು ಆವೃತ್ತಿಗೆ ಮಾತ್ರವೋ ಶಾಶ್ವತ ಹಕ್ಕಿಗೋ ಎಂಬುದು ಬಾಯಿಮಾತಿನಲ್ಲೇ ಉಳಿದುಹೋಗುತ್ತಿದ್ದುದರಿಂದ ಕಷ್ಟಗಳು ಮರುಮುದ್ರಣದ ಹೊತ್ತಿಗೆ ಎದುರಾಗುತ್ತಿದ್ದವು. 1914ರ ಭಾರತೀಯ ಕೃತಿಸ್ವಾಮ್ಯ ಕಾಯಿದೆ ಇಂಗ್ಲೆಂಡಿನ 1911ರ ಕಾಯಿದೆಯನ್ನು ಇಲ್ಲಿಗೆ ಅನ್ವಯಿಸಿದಾಗ, ಲೇಖಕನು ತನ್ನ ಜೀವಿತಾವಧಿಯಲ್ಲಿ ಹಕ್ಕನ್ನು ಮಾರಿಕೊಂಡಿದ್ದರೂ ಅವನು ತೀರಿಕೊಂಡ 25 ವರ್ಷಗಳ ಬಳಿಕ ಅದು ವಾರಸುದಾರರಿಗೆ ಮರಳುವ ಏರ್ಪಾಡೂ ಅದರ ಜೊತೆಗೆ ಬಂದಿತು. ಬಡತನದಲ್ಲಿ ಮಾರಿದ ಹಕ್ಕು ನಿಜವಾದ ಬೆಲೆಗೆ ಹೋಗಿರುವುದಿಲ್ಲವೆಂಬ ತಿಳಿವಳಿಕೆ ಈ ಏರ್ಪಾಡಿನ ಹಿಂದಿತ್ತು. ಆದರೆ ಅದರ ಪ್ರಯೋಜನ ಲೇಖಕನಿಗೆ ಬದುಕಿರುವಾಗ ಸಿಗುವಂತಿರಲಿಲ್ಲ.

ಲೇಖಕನ ಹೆಗಲಿನ ಹೊರೆಯನ್ನು ಓದುಗರ ನಡುವೆ ಹಂಚಿದ ಪ್ರಯೋಗಗಳಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಮುಖ್ಯವಾದುದು. ಗ್ರಂಥಮಾಲೆಯೆಂದರೆ ಓದುಗರಿಂದ ಮುಂಗಡವಾಗಿ ಚಂದಾ ಪಡೆದು, ಆ ವರ್ಷ ಹೊರಬರುವ ಪುಸ್ತಕಗಳನ್ನು ಅವರಿಗೆ ಕಳುಹಿಸಿಕೊಡುವ ಯೋಜನೆ. ಇಲ್ಲಿ ಕನಿಷ್ಠ ಎಷ್ಟು ಪ್ರತಿ ಖರ್ಚಾಗುತ್ತದೆಂಬುದು ಅಚ್ಚಿಗೆ ಮೊದಲೇ ತಿಳಿದಿರುತ್ತಿತ್ತು, ಮತ್ತು ಪುಸ್ತಕದ ಗುಣಮಟ್ಟ ಕುಸಿದರೆ ಮರುವರ್ಷದ ಚಂದಾ ನಿಲ್ಲುತ್ತಿದ್ದುದರಿಂದ ಪ್ರಕಾಶಕನು ಓದುಗರಿಗೆ ಉತ್ತರ ಹೇಳಬೇಕಾಗುತ್ತಿತ್ತು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಇಲ್ಲಿಂದ ಪ್ರಕಟವಾದದ್ದೂ, ಮುಂದೆ ಕೆ. ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ಹೆಗ್ಗೋಡಿನಂಥ ಹಳ್ಳಿಯಿಂದಲೇ ನಾಡಿನಾದ್ಯಂತ ಹೆಸರು ಗಳಿಸಿದ್ದೂ ಪ್ರಕಾಶಕರು ಸಣ್ಣವರಾಗಿರುವುದೇ ಒಂದು ದೋಷವಲ್ಲವೆಂಬುದಕ್ಕೆ ಸಾಕ್ಷಿ. ಪ್ರಕಾಶಕನ ಹಿಂದಿನ ಪಟ್ಟಿಯಲ್ಲಿ ಯಾವ ಪುಸ್ತಕಗಳಿವೆ, ಅವು ಈಗಲೂ ಅಂಗಡಿಯಲ್ಲಿ ದೊರೆಯುತ್ತವೆಯೇ, ಅವನ್ನು ಬರೆದವರು ಎರಡನೆಯ ಪುಸ್ತಕವನ್ನೂ ಅಲ್ಲಿಗೇ ಕೊಟ್ಟಿದ್ದಾರೆಯೇ ಎಂಬ ವಿಚಾರಣೆ ಸಂಸ್ಥೆಯ ಗಾತ್ರಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಗ್ರಂಥಾಲಯ ಕರದ ಮೂಲಕ ಪುಸ್ತಕ ಖರೀದಿಗೆ ಹಣ ಒದಗಿಸಿದ ಮೇಲೆ ಸರ್ಕಾರವೇ ಕನ್ನಡ ಪುಸ್ತಕದ ದೊಡ್ಡ ಗ್ರಾಹಕನಾಗಿ ಬೆಳೆಯಿತು. ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಗಳನ್ನು ಒಮ್ಮೆಗೇ ಕೊಳ್ಳುವ ಈ ಸಗಟು ಖರೀದಿ ಸಾಲದ ಭಾರದಲ್ಲಿದ್ದ ಅನೇಕ ಪ್ರಕಾಶಕರನ್ನು ಉಳಿಸಿತು. ಅದೇ ಹೊತ್ತಿಗೆ ಗ್ರಂಥಾಲಯದ ಆಯ್ಕೆಯನ್ನು ಮಾತ್ರ ನೆಚ್ಚಿಕೊಂಡು, ಅಂಗಡಿಯ ಮುಖ ನೋಡದ ಪ್ರಕಾಶನಗಳಿಗೂ ಅದು ದಾರಿ ಮಾಡಿಕೊಟ್ಟಿತು. ಅಂಥಲ್ಲಿ ಪುಸ್ತಕ ಆಯ್ಕೆಯಾಗದಿದ್ದರೆ ಮಾರುವ ಪ್ರಯತ್ನವೇ ನಡೆಯುವುದಿಲ್ಲ. ಆಯ್ಕೆಯಾದರೂ ಬಿಲ್ಲಿನ ಹಣ ಬರುವವರೆಗೆ ಲೇಖಕನ ಪಾಲು ಬಾಕಿ ಉಳಿಯುತ್ತದೆ. ಆದ್ದರಿಂದ ಕರಾರಿನಲ್ಲಿ ಸಗಟು ಖರೀದಿಯ ಪ್ರತಿಗಳಿಗೂ ರಾಯಧನ ಉಂಟೇ ಎಂಬುದನ್ನು ಪ್ರತ್ಯೇಕವಾಗಿ ನೋಡುವ ಅಭ್ಯಾಸ ಬೆಳೆಯಬೇಕಾಯಿತು. ರಾಯಧನವನ್ನು ಯಾವ ಮೊತ್ತದ ಮೇಲೆ ಎಣಿಸಲಾಗುತ್ತದೆ ಎಂಬುದೂ ಇದಕ್ಕೆ ಸೇರಿದ ವಿಚಾರ: 200 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಶೇ. 10ರಂತೆ ಲೇಖಕನಿಗೆ 20 ರೂಪಾಯಿ ಸಲ್ಲುತ್ತದೆ, ಆದರೆ ಮಾರಾಟಗಾರರಿಗೆ ಶೇ. 40 ರಿಯಾಯಿತಿ ಕೊಟ್ಟು ಉಳಿದ 120 ರೂಪಾಯಿಯ ಮೇಲೆ ಅದೇ ಶೇ. 10 ಎಂದು ಬರೆದಿದ್ದರೆ ಸಲ್ಲುವುದು 12 ರೂಪಾಯಿ ಮಾತ್ರ.

ಸ್ವತಂತ್ರ ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕೆಂದು ವಿಧಿಸಿತು. 1994ರ ತಿದ್ದುಪಡಿಯಿಂದ ರೂಪುಗೊಂಡ ಅದರ 19ನೆಯ ಕಲಮಿನಂತೆ ಕರಾರಿನಲ್ಲಿ ಕೃತಿ ಯಾವುದು, ಯಾವ ಹಕ್ಕುಗಳು, ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ ಮತ್ತು ಎಷ್ಟು ರಾಯಧನಕ್ಕೆ ಎಂಬುದೆಲ್ಲ ನಮೂದಾಗಿರಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ. ಬೇರೆ ಮಾತಿಲ್ಲದಿದ್ದಲ್ಲಿ, ಒಂದು ವರ್ಷದೊಳಗೆ ಬಳಸದ ಹಕ್ಕು ತಾನಾಗಿಯೇ ರದ್ದಾಗುತ್ತದೆ. ಕರಾರಿನ ಹೊತ್ತಿಗೆ ಇನ್ನೂ ಬಳಕೆಗೆ ಬಾರದ ಮಾಧ್ಯಮಗಳ ಹಕ್ಕು ಸ್ಪಷ್ಟವಾಗಿ ಹೆಸರಿಸದ ಹೊರತು ವರ್ಗವಾಗದೆಂದು 2012ರ ತಿದ್ದುಪಡಿ ಸೇರಿಸಿತು. ಈ ಅಂಶಗಳು ಒಂದೊಂದೂ ಹಿಂದಿನ ಒಂದೊಂದು ವ್ಯಾಜ್ಯದ ನೆನಪನ್ನು ಹೊತ್ತಿರುವುದರಿಂದ, ‘ಸಕಲ ಹಕ್ಕುಗಳು, ಸಕಲ ಭಾಷೆಗಳಲ್ಲಿ, ಶಾಶ್ವತವಾಗಿ’ ಎಂಬ ಧಾಟಿಯ ಒಂದೇ ಸಾಲಿನಲ್ಲಿ ಇವೆಲ್ಲವನ್ನೂ ಮುಗಿಸಿಬಿಡುವ ಕರಾರುಪತ್ರ ಅನುವಾದ, ನಾಟಕ, ಚಲನಚಿತ್ರ, ಇ-ಪುಸ್ತಕ ಮತ್ತು ಧ್ವನಿಪುಸ್ತಕದ ಹಕ್ಕುಗಳನ್ನು ಬೇರೆ ಬೆಲೆಯಿಲ್ಲದೆ ಕೇಳುತ್ತಿದೆಯೆಂದೇ ತಿಳಿಯಬೇಕು.

ಡಿಜಿಟಲ್ ಮುದ್ರಣ ಬಂದು, ಸಾವಿರ ಪ್ರತಿಯ ಬದಲು ಐವತ್ತು ಪ್ರತಿಯನ್ನೂ ಅಚ್ಚು ಹಾಕಿಸುವುದು ಸಾಧ್ಯವಾದ ಮೇಲೆ ಹೊರೆ ಮತ್ತೆ ಲೇಖಕನತ್ತ ವಾಲಿತು. ಮುದ್ರಣ ವೆಚ್ಚವನ್ನು ನೇರವಾಗಿ ಕೇಳುವುದಲ್ಲದೆ, ಇಂತಿಷ್ಟು ಪ್ರತಿಗಳನ್ನು ಲೇಖಕನೇ ಕೊಳ್ಳಬೇಕೆಂಬ ಷರತ್ತು, ಬಿಡುಗಡೆ ಸಮಾರಂಭದ ಖರ್ಚು, ಮುಖಪುಟದ ಶುಲ್ಕ ಎಂಬ ಬೇರೆ ಬೇರೆ ಹೆಸರುಗಳಲ್ಲೂ ಅದು ಬರುತ್ತದೆ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ನೀಡುತ್ತಿದ್ದರೂ ಅದಕ್ಕೂ ದರ ಹಚ್ಚುವುದುಂಟು. ಗಳಗನಾಥರ ಕಾಲದ ಸ್ವಂತ ಪ್ರಕಟಣೆಗೂ ಇದಕ್ಕೂ ಇರುವ ಅಂತರವೆಂದರೆ, ಅಲ್ಲಿ ಹಣ ಹಾಕಿದವನಿಗೆ ಹಕ್ಕೂ ಲೆಕ್ಕವೂ ಸೇರಿದ್ದವು, ಇಲ್ಲಿ ಹಣ ಲೇಖಕನದಾಗಿ ಹಕ್ಕು ಮತ್ತು ಲೆಕ್ಕ ಪ್ರಕಾಶಕನಲ್ಲಿ ಉಳಿಯುತ್ತವೆ. ಇಂಗ್ಲೆಂಡಿನ ಅರ್ಧಲಾಭ ಪದ್ಧತಿಯಲ್ಲಿ ಕನಿಷ್ಠ ಪ್ರಕಾಶಕನ ಬಂಡವಾಳವಾದರೂ ಇರುತ್ತಿತ್ತು.

ಕರಾರಿನ ಷರತ್ತುಗಳು ಲೇಖಕನಿಗೆ ಅತಿ ಕಠೋರವಾಗಿದ್ದರೆ ವರ್ಗಾವಣೆಯನ್ನು ರದ್ದುಪಡಿಸುವ ಅವಕಾಶ 1957ರ ಕಾಯಿದೆಯ 19ಎ ಕಲಮಿನಲ್ಲಿದೆ. ಆದರೆ ಕರಾರಾದ ದಿನದಿಂದ 5 ವರ್ಷ ಕಳೆಯುವ ಮೊದಲು ಅಂಥ ಆದೇಶ ಹೊರಡಿಸುವಂತಿಲ್ಲವೆಂದು ಅದೇ ಕಲಮು ಹೇಳುತ್ತದೆ.