ಬಾದಾಮಿ ಬಂಡೆ ಏರುವ ಮುನ್ನ: ಮಳೆ ಬಂದಿತ್ತಾ ಕೇಳಿ

ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಗುಹಾ ದೇವಾಲಯ ನೋಡಲು ಹೋಗುವವರೇ ಹೆಚ್ಚು. ಬೋಲ್ಡರಿಂಗ್‌ಗೆ, ಅಂದರೆ ಹಗ್ಗವಿಲ್ಲದೆ ಗಿಡ್ಡ ಬಂಡೆಗಳನ್ನು ಏರಲು ಬರುವವರೂ ಇದ್ದಾರೆ. ಸೋಲಾಪುರ–ಗದಗ ಮಾರ್ಗದಲ್ಲೇ ರೈಲು ನಿಲ್ದಾಣ ಇರುವುದರಿಂದ ಮುಂಬೈ, ಪುಣೆ ಕಡೆಯವರಿಗೆ ಅನುಕೂಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಹಂಪಿಯದು ಗ್ರಾನೈಟ್, ಬಾದಾಮಿಯದು ಮರಳುಗಲ್ಲು. ಇದನ್ನು ಮರೆತರೆ ಕಷ್ಟ. ಮರಳುಗಲ್ಲು ನೀರು ಹೀರುತ್ತದೆ, ಹೀರಿದಾಗ ಕಣಗಳ ಬೆಸುಗೆ ಸಡಿಲಾಗಿ ಬಲ ಕಳೆದುಕೊಳ್ಳುತ್ತದೆ. ಕೈಯಿಟ್ಟ ಅಂಚು ಮುರಿದರೆ ಬೀಳುವುದು ನೀವು ಮಾತ್ರವಲ್ಲ, ಆ ಹಿಡಿತವೂ ಶಾಶ್ವತವಾಗಿ ಹೋಯಿತು. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರಬಹುದು. ಬುಡದ ಮಣ್ಣನ್ನು ಸ್ವಲ್ಪ ಕೆದಕಿ ನೋಡಿ. ಅದು ಹಸಿಯಿದ್ದರೆ ಬಂಡೆ ಮುಟ್ಟಬೇಡಿ. ಜೋರು ಮಳೆಯಾದರೆ ಎರಡು–ಮೂರು ದಿನ ಕಾಯಬೇಕು. ರಜೆ ಮುಗಿಯುತ್ತದೆ ಎಂಬ ಕಾರಣ ಕಲ್ಲಿಗೆ ಗೊತ್ತಾಗುವುದಿಲ್ಲ!

ಕೈಗೆ ಹಚ್ಚುವ ಚಾಕ್ ಪುಡಿಯ ಗುರುತನ್ನು ಮೃದು ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತಂತಿ ಬ್ರಷ್ ಬೇಡ. ಹಿಡಿತಕ್ಕಾಗಿ ಕಲ್ಲು ಕೆತ್ತುವುದಂತೂ ಸಲ್ಲದು.

ಸ್ಮಾರಕಗಳಿಂದ ದೂರವಿರಿ. 3ನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಊರಿನಾಚೆಯ ಸಿಡಿಲಪಡಿಯಲ್ಲಿ ಪ್ರಾಗೈತಿಹಾಸಿಕ ಚಿತ್ರಗಳಿವೆ. ಇಂಥ ಬಂಡೆಗೆ ಚಾಕ್ ಕೈ ತಾಗಲೇಬಾರದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು.

ಮೇಲೆ ನೋಡುವುದನ್ನೂ ಮರೆಯಬೇಡಿ. ಹೆಜ್ಜೇನು ಗೂಡು ಕಂಡರೆ ಸದ್ದಿಲ್ಲದೆ ಬೇರೆ ಬಂಡೆ ಹುಡುಕಿಕೊಳ್ಳಿ. ತಿಂಡಿ ಚೀಲವನ್ನು ಬಿಚ್ಚಿಡಬೇಡಿ, ಅಲ್ಲಿನ ಕೋತಿಗಳು ಬಲು ಚುರುಕು.