ಅರ್ಧ ಬೆರಳು, ಅರ್ಧ ಸಾಬೂನು

ಲ್ಯಾಟಿನ್ನಿನಲ್ಲಿ ‘ಡಿಜಿಟಸ್’ ಎಂದರೆ ಬೆರಳು. ಬೆರಳು ಮಡಚಿ ಎಣಿಸಿದ್ದರಿಂದ ಅದು ಅಂಕಿಯಾಯಿತು, ಈಗ ‘ಡಿಜಿಟಲ್’ ಎಂಬ ಹೆಸರಲ್ಲಿ ಪಹಣಿಗೂ ಗಡಿಯಾರಕ್ಕೂ ಅಂಟಿಕೊಂಡಿದೆ. ಅದೇ ಬೇರಿನ ಇನ್ನೊಂದು ಟಿಸಿಲು ಹೂವಿನೊಳಗಿಂದ ಹಾದು ಪ್ರಯೋಗಾಲಯ ಸೇರಿತು.

ಯುರೋಪಿನ ಒಂದು ಗಿಡದ ನೇರಳೆ ಹೂ, ಸೂಜಿ ಚುಚ್ಚದಿರಲೆಂದು ದರ್ಜಿ ಬೆರಳ ತುದಿಗೆ ತೊಡುವ ಟೊಪ್ಪಿಯಂತಿದೆ. ಜರ್ಮನರು ಅದನ್ನು ‘ಫಿಂಗರ್‌ಹೂಟ್’, ಬೆರಳಟೊಪ್ಪಿ, ಎಂದರು. 1542ರಲ್ಲಿ ಲಿಯೊನ್‌ಹಾರ್ಟ್ ಫುಕ್ಸ್ ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಡಿಜಿಟಾಲಿಸ್’ ಎಂದು ಬರೆದ. (ಉರ್ದುವಿನಲ್ಲಿ ಆ ಟೊಪ್ಪಿ ‘ಅಂಗುಶ್ತಾನಾ’, ಅದರೊಳಗಿನ ಪಾರಸಿ ‘ಅಂಗುಶ್ತ್’ ನಮ್ಮ ಅಂಗುಷ್ಠದ ದಾಯಾದಿ.) 1785ರಲ್ಲಿ ವಿಲಿಯಂ ವಿದರಿಂಗ್ ಬರೆದ ಪುಸ್ತಕದಿಂದ ಗಿಡ ಹೃದಯದ ಔಷಧವೆಂದು ಹೆಸರಾಯಿತು.

1875ರಲ್ಲಿ ಶ್ಮೀಡೆಬರ್ಗ್ ಎಂಬ ಔಷಧವಿಜ್ಞಾನಿ ಈ ಗಿಡದ ಸಾರವನ್ನು ಬಿಡಿಸಿದಾಗ ಹೃದಯದ ಗೊಡವೆಗೇ ಹೋಗದ, ಬರೀ ನೊರೆಯೇಳುವ ಒಂದು ವಸ್ತು ಸಿಕ್ಕಿತು: ಡಿಜಿಟೋನಿನ್. ‘ಡಿಜಿಟಾಲಿಸ್’ನ ತಲೆಗೆ ‘ಸಪೋನಿನ್’ನ ಬಾಲ. ಲ್ಯಾಟಿನ್ನಿನಲ್ಲಿ ‘ಸಪೋ’ ಎಂದರೆ ಸಾಬೂನು; ನಮ್ಮ ಸಾಬೂನಿನ ಹುಟ್ಟೂ ಅಲ್ಲೇ. ಅಂಟುವಾಳದ ನೊರೆ ಕೂಡ ಇದೇ ಕುಲದ್ದು.

ಹೆಸರಿಗೆ ಸಾಬೂನು, ಗುಣ ಬೇರೆ. ಸಾಬೂನಿನ ಕಣದ ನೀರಿಗೆ ಒಲಿಯುವ ತುದಿಗೆ ಋಣ ವಿದ್ಯುದಾವೇಶವಿದೆ. ಡಿಜಿಟೋನಿನ್‌ಗೆ ಯಾವ ಆವೇಶವೂ ಇಲ್ಲ. ಐದು ಸಕ್ಕರೆಗಳ ಬಾಲ ನೀರಿನ ಕಡೆಗೆ, ಸ್ಟೀರಾಯ್ಡ್ ದೇಹ ಜಿಡ್ಡಿನ ಕಡೆಗೆ. ಆವೇಶವಿಲ್ಲದ್ದರಿಂದ ಪ್ರೋಟೀನಿನ ಮಡಿಕೆ ಕೆಡುವುದು ಕಡಿಮೆ. ಕಣ್ಣಿನಲ್ಲಿ ಬೆಳಕು ಹೀರುವ ಪ್ರೋಟೀನಾದ ರೊಡಾಪ್ಸಿನ್ನನ್ನು ಬಣ್ಣ ಕೆಡದಂತೆ ಹೊರತೆಗೆಯಲು ಇದು ಒದಗಿದ್ದು ಹೀಗೆ.

ಇನ್ನೊಂದು ಚಾಳಿಯೇ ಇದರ ಬದುಕನ್ನು ಉಳಿಸಿತು. ಕೊಲೆಸ್ಟ್ರಾಲ್ ಕಂಡರೆ ಒಂದಕ್ಕೊಂದರಂತೆ ಜೋಡಿಯಾಗಿ ತಳಕ್ಕಿಳಿಯುತ್ತದೆಂದು 1909ರಲ್ಲಿ ವಿಂಡೌಸ್ ಎಂಬ ರಸಾಯನವಿಜ್ಞಾನಿ ತೋರಿಸಿದ. ಹಾಗಾಗಿ ಕೊಲೆಸ್ಟ್ರಾಲ್ ತುಂಬಿದ ಜೀವಕೋಶದ ಹೊರಪೊರೆಗೆ ಡಿಜಿಟೋನಿನ್ ತೂತು ಕೊರೆಯುತ್ತದೆ. ಕೊಲೆಸ್ಟ್ರಾಲ್ ತೀರಾ ಕಡಿಮೆಯಿರುವ, ಕೋಶದೊಳಗಿನ ಮೈಟೊಕಾಂಡ್ರಿಯಾವನ್ನು, ಪ್ರಮಾಣ ಮೀರದಿದ್ದರೆ, ಮುಟ್ಟುವುದಿಲ್ಲ. ಮನೆ ಒಡೆಯದೆ ಬಾಗಿಲು ತೆರೆಯುವ ಈ ಕೈಚಳಕಕ್ಕಾಗಿಯೇ ಇಂದಿಗೂ ಅದನ್ನು ಕೊಳ್ಳುತ್ತಾರೆ.

ಮೊಂಡುತನವೂ ಇದೆ. ತಣ್ಣೀರಿನಲ್ಲಿ ಸರಿಯಾಗಿ ಕರಗದು. 95 ಡಿಗ್ರಿಗೆ ಕಾಯಿಸಿ ಆರಿಸಬೇಕು, ಇಟ್ಟರೆ ಮತ್ತೆ ಗಸಿ ಕಟ್ಟೀತು. ಕೆಂಪು ರಕ್ತಕಣಗಳನ್ನೂ ಒಡೆಯುವ ವಿಷವಾದ್ದರಿಂದ, ತೂಗುವ ಮೊದಲು ಬೆರಳಿಗೆ ಗವಸು ತೊಡಲೇಬೇಕು.