ಫ್ರಿಜ್ಜಿನಲ್ಲಿ ಕಾಯುವ ಪರಾಗ

ನಿಮ್ಮ ಮನೆಯಲ್ಲಿ ಎರಡು ಡೆಂಡ್ರೋಬಿಯಂ ಕುಂಡಗಳಿವೆ ಅನ್ನಿ. ಒಂದು ದಸರೆಗೆ ಅರಳುತ್ತದೆ, ಇನ್ನೊಂದು ಯುಗಾದಿಗೆ. ಎರಡಕ್ಕೂ ನಂಟು ಬೆಳೆಸುವುದು ಹೇಗೆ?

ಆರ್ಕಿಡ್ ಹೂವು ಪರಾಗವನ್ನು ಪುಡಿಯಾಗಿ ಉದುರಿಸುವುದಿಲ್ಲ. ಪುಟ್ಟ ಹಳದಿ ಉಂಡೆಯಾಗಿ ಮುಚ್ಚಿಟ್ಟಿರುತ್ತದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಜಾನ್ ಹ್ಯಾರಿಸ್ ಎಂಬ ವೈದ್ಯರು ಈ ಗುಟ್ಟನ್ನು ವೀಚ್ ನರ್ಸರಿಯ ತೋಟಗಾರ ಜಾನ್ ಡೊಮಿನಿಗೆ ಹೇಳಿಕೊಟ್ಟರು. ಡೊಮಿನಿ ಎರಡು ಕಲಾಂಥೆ ಜಾತಿಗಳನ್ನು ಕೈಯಾರೆ ಕೂಡಿಸಿದ. ಮನುಷ್ಯ ಮಾಡಿದ ಆ ಮೊದಲ ಮಿಶ್ರತಳಿ ಹೂಬಿಟ್ಟದ್ದು 1856ರಲ್ಲಿ. ಅದರ ತಾಯಿತಂದೆಯರಲ್ಲೊಂದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ, ಗೊತ್ತೇ!

ಒಟ್ಟಿಗೆ ಅರಳದ ಹೂಗಳಿಗೆ ಪರಾಗವನ್ನು ಕಾಪಿಡುವುದೇ ದಾರಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎಸ್. ಗಣೇಶನ್, ಈರುಳ್ಳಿಯ ಪರಾಗವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು ಪರೀಕ್ಷಿಸಿದ್ದನ್ನು 1986ರಲ್ಲಿ ಪ್ರಕಟಿಸಿದರು. ನಮಗೆ ಮನೆಯ ಫ್ರಿಜ್ಜೇ ಸಾಕು. ಉಂಡೆಯನ್ನು ಕಾಗದದಲ್ಲಿ ಮಡಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಶೀಶೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಡಿ; ತಿಂಗಳುಗಟ್ಟಲೆ ಬಾಳುತ್ತದೆ.

ಹಿಮಾಯತ್‌ನಗರದ ನನ್ನ ಬಾಲ್ಕನಿಯ ಪರಾಗ ಹೋದ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಒಣಗಿಸದೆ ಇಟ್ಟ ತಪ್ಪು ನನ್ನದೇ. ಒಂದು ವರ್ಷ ಕಾದದ್ದು ನೀರುಪಾಲು. ಇನ್ನೊಂದು ಮಾತು: ಹೊರತೆಗೆದ ಶೀಶೆ ಬೆಚ್ಚಗಾಗುವ ತನಕ ಮುಚ್ಚಳ ತೆರೆಯಬೇಡಿ, ಒಳಗೆ ತೇವ ಕೂರುತ್ತದೆ. ಮೇಲೆ ಹೂವಿನ ಹೆಸರು, ತಾರೀಖು ಬರೆದಿಡಿ.